ರೇಡಿಯೋ ಚಿತ್ರದಲ್ಲಿ ನಾಯ್ಸ್ ಎಷ್ಟಿರಬೇಕು, ಎಷ್ಟಿದೆ? ಜಿಎಂಆರ್‌ಟಿ ಡೇಟಾ ಹಿಡಿದು ಲೆಕ್ಕ ಹಾಕುವ ಮಾರ್ಗದರ್ಶಿ

ಪುಣೆ ಹತ್ತಿರದ ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್‌ನ (ಜಿಎಂಆರ್‌ಟಿ) ಹಳೆಯ ಡೇಟಾ ಈಗ ಆನ್‌ಲೈನ್ ಆರ್ಕೈವ್‌ನಲ್ಲಿ ಸಿಗುತ್ತದೆ. ಇಳಿಸಿಕೊಂಡು ಒಂದು ಪೈಪ್‌ಲೈನ್ (ಡೇಟಾವನ್ನು ಚಿತ್ರವಾಗಿಸುವ ಪ್ರೋಗ್ರಾಂಗಳ ಸರಣಿ) ಓಡಿಸಿದರೆ ಚಿತ್ರ ಬಂದೇಬರುತ್ತದೆ. ಕಪ್ಪು ಹಿನ್ನೆಲೆ, ಅಲ್ಲಲ್ಲಿ ಬಿಳಿ ಚುಕ್ಕೆ, ನೋಡೋಕೆ ಚೆಂದ. ಆದರೆ "ಈ ಚಿತ್ರ ಎಷ್ಟು ಒಳ್ಳೆಯದು?" ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಚುಕ್ಕೆಗಳ ಸಂಖ್ಯೆ ಎಣಿಸಿ ಹೇಳುವ ವಿಷಯ ಅಲ್ಲ ಇದು.

ನನ್ನ ಸಲಹೆ ಇಷ್ಟೇ. ಡೇಟಾ ತೆರೆಯುವ ಮೊದಲೇ, ಬರಬೇಕಾದ ನಾಯ್ಸ್ (ಏನೂ ಇಲ್ಲದ ಕಡೆಯೂ ಕಾಣುವ ಏರಿಳಿತ) ಎಷ್ಟು ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಚಿತ್ರ ಬಂದ ಮೇಲೆ ನಿಜವಾದ ನಾಯ್ಸ್ ಅಳೆಯಿರಿ. ಎರಡರ ಅನುಪಾತ ತೆಗೆಯಿರಿ. ಒಂದೂವರೆ ಪಟ್ಟು ಬಂದರೆ ಕೆಲಸ ಚೆನ್ನಾಗಿ ಆಗಿದೆ. ಐದು ಪಟ್ಟು ಬಂದರೆ ಎಲ್ಲೋ ಏನೋ ಕೆಟ್ಟಿದೆ. ಒಂದಕ್ಕಿಂತ ಕಡಿಮೆ ಬಂದರೆ ಖುಷಿಪಡಬೇಡಿ, ಅದು ಇನ್ನೂ ದೊಡ್ಡ ತೊಂದರೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಇಲ್ಲಿ ಬಳಸುವ ಉದಾಹರಣೆ ಪೂರ್ತಿ ಜಿಎಂಆರ್‌ಟಿಯದ್ದು. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿದೆ. 45 ಮೀಟರ್ ಅಗಲದ 30 ಡಿಶ್‌ಗಳು. 14 ಡಿಶ್ ನಡುವಿನ ಒಂದು ಚದರ ಕಿಲೋಮೀಟರ್‌ನಷ್ಟು ಜಾಗದಲ್ಲಿ ಒತ್ತಾಗಿವೆ. ಉಳಿದ 16 ವೈ ಆಕಾರದ ಮೂರು ತೋಳುಗಳಲ್ಲಿ ಹರಡಿವೆ. ತುಂಬಾ ದೂರದ ಎರಡು ಡಿಶ್‌ಗಳ ನಡುವೆ ಸುಮಾರು 25 ಕಿ.ಮೀ. ಅಂತರ.

ಹೆಜ್ಜೆ 1: ಒಂದೇ ಡಿಶ್‌ನ ನಾಯ್ಸ್ ತಿಳಿದುಕೊಳ್ಳಿ

ರೇಡಿಯೋ ಖಗೋಳದಲ್ಲಿ ನಾಯ್ಸನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಒಂದು ರೆಸಿಸ್ಟರ್ ಬಿಸಿಯಾದಷ್ಟೂ ಅದರೊಳಗಿನ ಎಲೆಕ್ಟ್ರಾನ್‌ಗಳ ಗಡಿಬಿಡಿ ಜಾಸ್ತಿ, ಅದು ಹೊರಹಾಕುವ ನಾಯ್ಸ್ ಪವರ್ ಕೂಡ ಜಾಸ್ತಿ. ಹಾಗಾಗಿ "ಈ ಡಿಶ್‌ನ ಸಿಸ್ಟಂ ಟೆಂಪರೇಚರ್ 100 ಕೆಲ್ವಿನ್" ಎಂದರೆ, 100 ಕೆಲ್ವಿನ್ ಬಿಸಿ ಇರುವ ರೆಸಿಸ್ಟರ್ ಕೊಡುವಷ್ಟೇ ನಾಯ್ಸ್ ಇಲ್ಲಿದೆ ಎಂದರ್ಥ. ಡಿಶ್ಶೇ ಅಷ್ಟು ತಣ್ಣಗಿದೆ ಎಂದಲ್ಲ.

ಈ 100 ಕೆಲ್ವಿನ್‌ನಲ್ಲಿ ಮೂರು ಪಾಲುದಾರರು: ರಿಸೀವರ್, ನೆಲ, ಆಕಾಶ.

ರಿಸೀವರ್‌ನಲ್ಲಿ ಮೊದಲ ಆಂಪ್ಲಿಫೈಯರ್‌ನದೇ ಯಜಮಾನಿಕೆ. ಅದು ಸಿಗ್ನಲ್ಲನ್ನು ಸಾಕಷ್ಟು ದೊಡ್ಡದು ಮಾಡಿಬಿಟ್ಟರೆ ಅದರ ನಂತರದ ಹಂತಗಳ ನಾಯ್ಸ್ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೂ ಮುಂಚೆ ಇರುವ ಕೇಬಲ್ ಮಾತ್ರ ತುಂಬಾ ದುಬಾರಿ. ಮಾಮೂಲಿ ತಾಪಮಾನದಲ್ಲಿ ಬರೀ 0.1 ಡೆಸಿಬಲ್ ನಷ್ಟವಾದರೂ ಸುಮಾರು 7 ಕೆಲ್ವಿನ್ ನಾಯ್ಸ್ ಸೇರಿಕೊಳ್ಳುತ್ತದೆ. ಮನೆಯಲ್ಲಿ 1420 ಮೆಗಾಹರ್ಟ್ಸ್ ಹೈಡ್ರೋಜನ್ ರೇಖೆ ಹಿಡಿಯಲು ಹಾರ್ನ್ ಆಂಟೆನಾ ಕಟ್ಟುವವರು ಆಂಪ್ಲಿಫೈಯರನ್ನು ಆಂಟೆನಾ ಬಾಯಿಗೇ ತಗುಲಿಸುವುದು ಇದಕ್ಕೇ.

ನೆಲ ಸುಮಾರು 300 ಕೆಲ್ವಿನ್ ಬಿಸಿ. ಡಿಶ್‌ನ ಅಂಚಿನಾಚೆಯಿಂದ, ಜಿಎಂಆರ್‌ಟಿಯಂಥ ತಂತಿ ಬಲೆಯ ಡಿಶ್‌ನಲ್ಲಿ ಬಲೆಯ ಸಂದಿಯಿಂದಲೂ, ಸ್ವಲ್ಪ ನೆಲ ಕಾಣುತ್ತದೆ. ಈ ನೆಲದ ಕಾಟ ಎಂಥದ್ದು ಅಂದರೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಆಕಾಶದ ರೇಡಿಯೋ ಅಲೆ ಅಳೆಯುವ ತಮ್ಮ ಸಾರಸ್ 3 ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ. ನೀರು ಎಲ್ಲ ಕಡೆ ಒಂದೇ ಥರ, ಲೆಕ್ಕಕ್ಕೆ ಸಿಗುತ್ತದೆ. ಸಾರಸ್ ಜಿಎಂಆರ್‌ಟಿಯಂತೆ ಹಲವು ಆಂಟೆನಾ ಜೋಡಿಸಿದ ಇಂಟರ್‌ಫೆರೋಮೀಟರ್ ಅಲ್ಲ, ಒಂಟಿ ಆಂಟೆನಾ. ಆದರೆ ನಾಯ್ಸ್‌ನ ಪಾಠ ಅದೇ.

ಇನ್ನು ಆಕಾಶ. ನಮ್ಮ ಗ್ಯಾಲಕ್ಸಿಯೇ ರೇಡಿಯೋದಲ್ಲಿ ಹೊಳೆಯುತ್ತದೆ, ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಇನ್ನೂ ಜೋರಾಗಿ. ಗ್ಯಾಲಕ್ಸಿಯ ಪಟ್ಟಿಯಿಂದ ದೂರ ನೋಡಿದರೆ 408 ಮೆಗಾಹರ್ಟ್ಸ್‌ನಲ್ಲಿ ಸುಮಾರು 20 ಕೆಲ್ವಿನ್. ಬೇರೆ ಫ್ರೀಕ್ವೆನ್ಸಿಗೆ ಹೋಗಬೇಕಾದರೆ 408ನ್ನು ಆ ಫ್ರೀಕ್ವೆನ್ಸಿಯಿಂದ ಭಾಗಿಸಿ, ಬಂದದ್ದನ್ನು 2.55ರ ಘಾತಕ್ಕೆ ಏರಿಸಿ, 20ರಿಂದ ಗುಣಿಸಿ. 1400ರಲ್ಲಿ ಒಂದು ಕೆಲ್ವಿನ್ ಕೂಡ ಬರುವುದಿಲ್ಲ. 150ರಲ್ಲಿ 250 ಕೆಲ್ವಿನ್ ದಾಟುತ್ತದೆ. ನಮ್ಮ ಗೌರಿಬಿದನೂರಿನ ಟಿ ಆಕಾರದ ಅರೇ (ಒಟ್ಟಿಗೆ ಕೆಲಸ ಮಾಡುವ ಆಂಟೆನಾಗಳ ಗುಂಪು) ಕೆಲಸ ಮಾಡುತ್ತಿದ್ದ 34.5 ಮೆಗಾಹರ್ಟ್ಸ್‌ಗೆ ಹಾಕಿ ನೋಡಿ: ಹತ್ತು ಸಾವಿರ ಕೆಲ್ವಿನ್ ಮೇಲೆ! ಅಲ್ಲಿ ರಿಸೀವರನ್ನು ತಣ್ಣಗೆ ಮಾಡೋಕೆ ದುಡ್ಡು ಸುರಿಯುವುದು ವ್ಯರ್ಥ. 1400ರಲ್ಲಿ ಅದೇ ಬುದ್ಧಿವಂತಿಕೆ. ಟೆಲಿಸ್ಕೋಪ್ ಸಮಯ ಕೇಳಿ ಪ್ರಪೋಸಲ್ ಬರೆಯುವಾಗ ಹೊಸಬರು ಮರೆಯುವುದು ಇದನ್ನೇ: ಗ್ಯಾಲಕ್ಸಿಯ ಮಧ್ಯದ ಕಡೆ ತಿರುಗಿಸಿದರೆ ಆಕಾಶದ ಪಾಲು ಎಷ್ಟೋ ಪಟ್ಟು ಏರುತ್ತದೆ. ಒಟ್ಟು ಸಿಸ್ಟಂ ಟೆಂಪರೇಚರ್ ಎರಡು ಪಟ್ಟಾದರೆ, ಅದೇ ನಾಯ್ಸ್ ಮಟ್ಟ ಮುಟ್ಟಲು ನಾಲ್ಕು ಪಟ್ಟು ಸಮಯ ಬೇಕು.

ಹೆಜ್ಜೆ 2: ಕೆಲ್ವಿನ್‌ನಿಂದ ಜಾನ್ಸ್ಕಿಗೆ ಬನ್ನಿ

ಆಕಾಶದ ಮೂಲಗಳ, ಅಂದರೆ ರೇಡಿಯೋ ಅಲೆ ಹೊರಸೂಸುವ ಕಾಯಗಳ, ಬಲ ಅಳೆಯುವುದು ಜಾನ್ಸ್ಕಿಯಲ್ಲಿ. ಒಂದು ಜಾನ್ಸ್ಕಿ ಎಂದರೆ ಒಂದು ಚದರ ಮೀಟರ್‌ಗೆ, ಒಂದು ಹರ್ಟ್ಸ್‌ಗೆ 10⁻²⁶ ವ್ಯಾಟ್. ಒಂದು ಜಾನ್ಸ್ಕಿಯ ಮೂಲ ನಿಮ್ಮ ಡಿಶ್‌ನಲ್ಲಿ ಎಷ್ಟು ಕೆಲ್ವಿನ್ ಏರಿಸುತ್ತದೆ? ಅದಕ್ಕೆ ಗೇನ್ ಎನ್ನುತ್ತಾರೆ. 610 ಮೆಗಾಹರ್ಟ್ಸ್ ಸುತ್ತ ಜಿಎಂಆರ್‌ಟಿಯ ಒಂದು ಡಿಶ್‌ಗೆ ಅದು ಸುಮಾರು 0.32 ಕೆಲ್ವಿನ್. ಸಿಸ್ಟಂ ಟೆಂಪರೇಚರ್ 100 ಎಂದು ಇಟ್ಟುಕೊಳ್ಳೋಣ, ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

100 ÷ 0.32 = 312 ಜಾನ್ಸ್ಕಿ.

ಇದೇ ಎಸ್‌ಇಎಫ್‌ಡಿ (ಸಿಸ್ಟಂ ಇಕ್ವಿವಲೆಂಟ್ ಫ್ಲಕ್ಸ್ ಡೆನ್ಸಿಟಿ). ಒಂದು ಮೂಲ 312 ಜಾನ್ಸ್ಕಿ ಇದ್ದರೆ ಅದರ ಸಿಗ್ನಲ್ಲೂ ಡಿಶ್‌ನ ಒಟ್ಟು ನಾಯ್ಸೂ ಸಮ ಆಗುತ್ತವೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದೊಂದು ಅಂಕಿ ಸಾಕು. ನಾವು ಹುಡುಕುವ ಮೂಲಗಳಾದರೋ ಒಂದು ಮಿಲಿಜಾನ್ಸ್ಕಿ ಇದ್ದರೂ ದೊಡ್ಡದು. ಅದು ಡಿಶ್‌ನಲ್ಲಿ ಏರಿಸುವುದು 0.00032 ಕೆಲ್ವಿನ್. ಮೂರು ಲಕ್ಷದಲ್ಲಿ ಒಂದು ಪಾಲು!

ಹೆಜ್ಜೆ 3: ಇಡೀ ಅರೇಯ ನಾಯ್ಸ್ ಲೆಕ್ಕ ಹಾಕಿ

ಕೋರಿಲೇಟರ್ ಮಾಡುವುದು ಎರಡು ಡಿಶ್‌ಗಳ ಸಿಗ್ನಲ್ಲನ್ನು ಗುಣಿಸಿ ಸರಾಸರಿ ತೆಗೆಯುವುದು. ಜಾತ್ರೆಯ ಎರಡು ಮೂಲೆಯಲ್ಲಿ ನಿಂತ ಇಬ್ಬರಿಗೆ ಅಕ್ಕಪಕ್ಕದ ಗಲಾಟೆ ಬೇರೆ ಬೇರೆ ಕೇಳುತ್ತದೆ, ಮೈಕಿನ ಕೂಗು ಮಾತ್ರ ಒಂದೇ. ಹಾಗೆ ಒಂದು ಡಿಶ್‌ನ ರಿಸೀವರ್ ನಾಯ್ಸ್‌ಗೂ ಇನ್ನೊಂದರದ್ದಕ್ಕೂ ಸಂಬಂಧ ಇಲ್ಲ. ಸರಾಸರಿ ತೆಗೆದಷ್ಟೂ ಅದು ಕರಗುತ್ತದೆ, ಆಕಾಶದಿಂದ ಬಂದದ್ದು ಉಳಿಯುತ್ತದೆ. ಕರಗುವುದು ಮಾತ್ರ ನಿಧಾನ: ಮಾದರಿಗಳ ಸಂಖ್ಯೆಯ ವರ್ಗಮೂಲದಷ್ಟು.

ಮೊದಲು ಒಂದೇ ಒಂದು ಅಳತೆ ತೆಗೆದುಕೊಳ್ಳಿ. ಒಂದು ಬೇಸ್‌ಲೈನ್ (ಎರಡು ಡಿಶ್‌ಗಳ ಒಂದು ಜೋಡಿ), ಒಂದು ಪೋಲರೈಸೇಶನ್ (ಅಲೆ ಕಂಪಿಸುವ ಒಂದು ಬಗೆ), ಒಂದು ಚಾನೆಲ್ (ಬ್ಯಾಂಡ್‌ನ ಒಂದು ಸಣ್ಣ ತುಂಡು), 8 ಸೆಕೆಂಡ್. 200 ಮೆಗಾಹರ್ಟ್ಸನ್ನು 2048 ಚಾನೆಲ್ ಮಾಡಿದರೆ ಒಂದೊಂದಕ್ಕೆ ಸುಮಾರು 97.7 ಕಿಲೋಹರ್ಟ್ಸ್.

ಒಂದು ಅಳತೆಯ ನಾಯ್ಸ್ = ಎಸ್‌ಇಎಫ್‌ಡಿ ÷ √(2 × ಬ್ಯಾಂಡ್‌ವಿಡ್ತ್ × ಸಮಯ)

312 ÷ √(2 × 97,700 × 8) = 312 ÷ 1250 = 0.25 ಜಾನ್ಸ್ಕಿ.

ಈ 0.25 ಬರೆದಿಟ್ಟುಕೊಳ್ಳಿ, ಹೆಜ್ಜೆ 5ರಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಈಗ ಇಂಥ ಅಳತೆ ಒಟ್ಟು ಎಷ್ಟಿವೆ? 30 ಡಿಶ್‌ಗಳಿಂದ 435 ಜೋಡಿ. ಪ್ರತಿ ಜೋಡಿಗೆ 2048 ಚಾನೆಲ್, ಎರಡು ಪೋಲರೈಸೇಶನ್, ಒಂದು ಗಂಟೆಯಲ್ಲಿ 8 ಸೆಕೆಂಡಿನ 450 ತುಂಡು. ಗುಣಿಸಿದರೆ 80 ಕೋಟಿ. 80 ಕೋಟಿಯ ವರ್ಗಮೂಲ ಸುಮಾರು 28,300. 0.25ನ್ನು ಅದರಿಂದ ಭಾಗಿಸಿದರೆ 0.0000088 ಜಾನ್ಸ್ಕಿ, ಅಂದರೆ 8.8 ಮೈಕ್ರೋಜಾನ್ಸ್ಕಿ.

ಒಂದೇ ಸಾಲಿನ ಸೂತ್ರ ಬೇಕೆಂದರೆ:

ಚಿತ್ರದ ನಾಯ್ಸ್ = ಎಸ್‌ಇಎಫ್‌ಡಿ ÷ √(ಪೋಲರೈಸೇಶನ್ × ಡಿಶ್ × (ಡಿಶ್ − 1) × ಬ್ಯಾಂಡ್‌ವಿಡ್ತ್ × ಸಮಯ)

2, 30, 29, 20 ಕೋಟಿ ಹರ್ಟ್ಸ್, 3600 ಸೆಕೆಂಡ್ ಹಾಕಿ ನೋಡಿ, ಅದೇ 8.8 ಬರುತ್ತದೆ. ನಾನು ಉದ್ದದ ದಾರಿ ಹಿಡಿದದ್ದಕ್ಕೆ ಕಾರಣ ಇದೆ. ಸೂತ್ರವನ್ನು ಸುಮ್ನೆ ನಂಬಿದರೆ, ಮುಂದೆ ಲೆಕ್ಕ ತಪ್ಪಿದಾಗ ಯಾವ ಅಳತೆ ಕೈಕೊಟ್ಟಿತು ಎಂದು ಹುಡುಕಲು ಗೊತ್ತಾಗುವುದಿಲ್ಲ.

ಕೋರಿಲೇಟರ್‌ನ ನಷ್ಟ ಎಂದು ಇನ್ನೊಂದಿದೆ. ಸಿಗ್ನಲ್ಲನ್ನು ಒಂದೇ ಬಿಟ್‌ನಲ್ಲಿ ದಾಖಲಿಸಿದರೆ ದಕ್ಷತೆ 0.64, ಎರಡು ಬಿಟ್‌ಗೆ 0.88. ಎಂಟು ಬಿಟ್ ಇದ್ದರೆ ಈ ಚಿಂತೆ ಬಿಡಿ.

ಹೆಜ್ಜೆ 4: ನಿಜವಾಗಿ ಕೈಗೆ ಉಳಿದದ್ದನ್ನು ಮಾತ್ರ ಎಣಿಸಿ

8.8 ಎನ್ನುವುದು ಆದರ್ಶ. 30 ಡಿಶ್ಶೂ ಕೆಲಸ ಮಾಡುವ ದಿನ ಅಪರೂಪ. ಒಂದು ರಿಪೇರಿಯಲ್ಲಿರುತ್ತದೆ, ಇನ್ನೊಂದರ ಒಂದು ಪೋಲರೈಸೇಶನ್ ಸತ್ತಿರುತ್ತದೆ. 26 ಎಂದು ಹಿಡಿಯಿರಿ. ಬ್ಯಾಂಡ್‌ನ ಎರಡು ಅಂಚಿನಲ್ಲಿ ಗೇನ್ ಬೀಳುತ್ತದೆ, ಮಧ್ಯೆ ಮೊಬೈಲ್, ಟಿವಿ, ಉಪಗ್ರಹದ ಸಿಗ್ನಲ್ ಬಂದ ಚಾನೆಲ್‌ಗಳನ್ನು ಬಿಸಾಡಬೇಕು. 200ರಲ್ಲಿ 150 ಮೆಗಾಹರ್ಟ್ಸ್ ಉಳಿದರೆ ಪುಣ್ಯ. ಒಂದು ಗಂಟೆಯಲ್ಲಿ ಕ್ಯಾಲಿಬ್ರೇಟರ್ (ಅಳತೆ ಸರಿಹೊಂದಿಸಲು ಬಳಸುವ, ಬಲ ಗೊತ್ತಿರುವ ಮೂಲ) ಕಡೆ ಹೋಗಿ ಬರುವ ಸಮಯ, ಹಾಳಾದ ಸಮಯ ಕಳೆದರೆ 42 ನಿಮಿಷ.

ಮತ್ತೆ ಸೂತ್ರಕ್ಕೆ ಹಾಕಿ: 14 ಮೈಕ್ರೋಜಾನ್ಸ್ಕಿ.

ಇನ್ನು ವೇಟಿಂಗ್, ಅಂದರೆ ಯಾವ ಅಳತೆಗೆ ಎಷ್ಟು ಬೆಲೆ ಎನ್ನುವುದು. ಎಲ್ಲ ಅಳತೆಗೂ ಸಮಾನ ಬೆಲೆ ಕೊಡುವುದು ನ್ಯಾಚುರಲ್ ವೇಟಿಂಗ್. ನಾಯ್ಸ್ ಅತಿ ಕಡಿಮೆ ಬರುವುದು ಅದರಲ್ಲೇ. ಆದರೆ ಜಿಎಂಆರ್‌ಟಿಯಲ್ಲಿ 14 ಡಿಶ್ ಮಧ್ಯೆ ಗುಂಪಾಗಿರುವುದರಿಂದ ನ್ಯಾಚುರಲ್‌ನ ಬೀಮ್‌ಗೆ (ಒಂದು ಚುಕ್ಕೆ ಚಿತ್ರದಲ್ಲಿ ಹರಡಿಕೊಳ್ಳುವ ಆಕಾರಕ್ಕೆ) ಅಗಲವಾದ ಪಾದ ಬೆಳೆಯುತ್ತದೆ, ಚಿತ್ರ ಮಸುಕಾಗುತ್ತದೆ. ಅದಕ್ಕೆ ಎಲ್ಲರೂ ಕಡಿಮೆ ನಾಯ್ಸ್‌ಗೂ ಚೊಕ್ಕ ಬೀಮ್‌ಗೂ ರಾಜಿ ಮಾಡಿಸುವ ಬ್ರಿಗ್ಸ್ ವೇಟಿಂಗ್ ಬಳಸಿ, ಆ ರಾಜಿಯ ಅಂಕಿಯಾದ ರೋಬಸ್ಟನ್ನು 0 ಅಥವಾ ಅದರ ಹತ್ತಿರ ಇಡುತ್ತಾರೆ. ಅದಕ್ಕೆ ನಾಯ್ಸ್‌ನಲ್ಲಿ ದಂಡ ಕಟ್ಟಬೇಕು. 1.3 ಪಟ್ಟು ಎಂದು ಇಟ್ಟರೆ 14 ಹೋಗಿ 18 ಆಗುತ್ತದೆ.

ಈಗ ಕಾಗದದ ಮೇಲೆ ಎರಡು ಅಂಕಿ ಇವೆ: 8.8 ಮತ್ತು 18. ನಿಮ್ಮ ಚಿತ್ರವನ್ನು ಹೋಲಿಸಬೇಕಾದದ್ದು 18ರ ಜೊತೆ. 8.8ರ ಜೊತೆ ಹೋಲಿಸಿ "ಎರಡು ಪಟ್ಟು ಬಂತು, ಕ್ಯಾಲಿಬ್ರೇಶನ್ ಸರಿ ಇಲ್ಲ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ ಜನ.

ಹೆಜ್ಜೆ 5: ಚಿತ್ರ ಮಾಡುವ ಮೊದಲೇ ಡೇಟಾದಲ್ಲಿ ನಾಯ್ಸ್ ನೋಡಿ

ಈ ಹೆಜ್ಜೆ ದಾಟಿ ಹೋಗುವವರೇ ಜಾಸ್ತಿ. ದಯವಿಟ್ಟು ದಾಟಬೇಡಿ. ಕ್ಯಾಲಿಬ್ರೇಟ್ ಆದ ಡೇಟಾವನ್ನು ಕಾಸಾ ಎಂಬ ರೇಡಿಯೋ ಖಗೋಳ ತಂತ್ರಾಂಶದ ಪ್ಲಾಟ್‌ಎಂಎಸ್‌ನಲ್ಲಿ ತೆರೆಯಿರಿ. ಟಾರ್ಗೆಟ್ (ನೀವು ನೋಡಲು ಹೊರಟ ಆಕಾಶದ ಜಾಗ) ಆಯ್ದುಕೊಳ್ಳಿ, ಉದ್ದದ ಒಂದು ಬೇಸ್‌ಲೈನ್ ಹಾಕಿ, ಸರಾಸರಿ ತೆಗೆಯದೆ ರಿಯಲ್ ಭಾಗವನ್ನು ಸಮಯದ ಎದುರು ಬಿಡಿಸಿ. ಚುಕ್ಕೆಗಳು ಸೊನ್ನೆಯ ಮೇಲೆ ಕೆಳಗೆ ಹರಡಿರುತ್ತವೆ. ಆ ಹರಡಿಕೆ 0.25 ಜಾನ್ಸ್ಕಿಯ ಹತ್ತಿರ ಇದೆಯಾ?

ಪ್ರತಿ ಅಳತೆಯೂ ಒಂದು ಸಂಕೀರ್ಣ ಸಂಖ್ಯೆ. ಅದರ ಆಂಪ್ಲಿಟ್ಯೂಡ್ (ಒಟ್ಟು ಗಾತ್ರ) ನೋಡಬೇಡಿ, ರಿಯಲ್ ನೋಡಿ. ಆಂಪ್ಲಿಟ್ಯೂಡ್ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಮೂಲವೇ ಇಲ್ಲದಿದ್ದರೂ ಅದರ ಸರಾಸರಿ ನಾಯ್ಸ್‌ನ 1.25 ಪಟ್ಟು, ಅಂದರೆ ಇಲ್ಲಿ 0.31 ಜಾನ್ಸ್ಕಿ ತೋರಿಸುತ್ತದೆ. ಅದನ್ನು ಕಂಡು "ಓಹ್, ಏನೋ ಸಿಕ್ಕಿತು" ಎನ್ನುವುದು ಮಾಮೂಲಿ.

ಆಮೇಲೆ ಡಿಶ್ ಡಿಶ್‌ಗೆ ಹೋಲಿಸಿ. ಒಂದು ಡಿಶ್ ಇರುವ ಎಲ್ಲ ಬೇಸ್‌ಲೈನ್‌ನಲ್ಲೂ ಹರಡಿಕೆ 0.5 ಇದ್ದು, ಉಳಿದವುಗಳಲ್ಲಿ 0.25 ಇದ್ದರೆ ಆ ಡಿಶ್‌ನ ರಿಸೀವರ್ ಸರಿ ಇಲ್ಲ. ಬಿಸಾಡಬೇಕಾ? ಅಗತ್ಯ ಇಲ್ಲ. ಅದರ ಬೆಲೆ ಇಳಿಸಿದರೆ ಸಾಕು. ಕಾಸಾದ ಸ್ಟ್ಯಾಟ್‌ವೇಟ್ ಮಾಡುವುದು ಇದನ್ನೇ: ಡೇಟಾದ ಹರಡಿಕೆ ನೋಡಿ ವೇಟ್ ಬರೆಯುತ್ತದೆ. ಫ್ಲ್ಯಾಗ್ ಮಾಡಿ (ಕೆಟ್ಟ ಡೇಟಾವನ್ನು ಗುರುತು ಹಾಕಿ ಬದಿಗಿಟ್ಟು) ಮುಗಿದ ಮೇಲೆ ಮಾತ್ರ ಓಡಿಸಿ. ಮೊದಲೇ ಓಡಿಸಿದರೆ ಆಚೀಚೆಯ ಹಾಳು ಸಿಗ್ನಲ್‌ನಿಂದ ಒಳ್ಳೆಯ ಡೇಟಾದ ವೇಟೂ ಕೆಡುತ್ತದೆ.

ಹರಡಿಕೆ ಕೆಲವು ಹೊತ್ತು ಮಾತ್ರ, ಎಲ್ಲ ಚಾನೆಲ್‌ನಲ್ಲೂ ಒಟ್ಟಿಗೆ ಏರಿದರೆ ಹೈ ಟೆನ್ಶನ್ ತಂತಿಯ ಸ್ಪಾರ್ಕ್ ಇರಬಹುದು. ಕೆಲವೇ ಚಾನೆಲ್‌ನಲ್ಲಿ ಇಡೀ ಹೊತ್ತು ಇದ್ದರೆ ಯಾವುದೋ ಪ್ರಸಾರ. ಇವು ಹತ್ತಿರದ ಡಿಶ್‌ಗಳನ್ನು ಹೆಚ್ಚು ಕಾಡುತ್ತವೆ. ಕಾರಣ ಹೀಗೆ. ಆಕಾಶದ ಮೂಲ ಸರಿಯುತ್ತಿರುತ್ತದೆ, ಕೋರಿಲೇಟರ್ ಅದರ ಜೊತೆ ಸರಿದು ಅದನ್ನು ನಿಲ್ಲಿಸುತ್ತದೆ. ನೆಲದ ಮೇಲಿನ ಸಿಗ್ನಲ್ ಸರಿಯುವುದಿಲ್ಲ, ಹಾಗಾಗಿ ಅದು ಕೋರಿಲೇಟರ್ ಕಣ್ಣಿಗೆ ಗಿರಗಿರ ತಿರುಗಿ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಉದ್ದದ ಬೇಸ್‌ಲೈನ್‌ನಲ್ಲಿ ಬೇಗ ತಿರುಗುತ್ತದೆ, ಗಿಡ್ಡದ್ದರಲ್ಲಿ ನಿಧಾನ. ಮಧ್ಯದ 14 ಡಿಶ್‌ಗಳ ಜೋಡಿಗಳನ್ನು ಒಮ್ಮೆ ಬೇರೆಯಾಗಿ ನೋಡಿ.

ಹೆಜ್ಜೆ 6: ಚಿತ್ರದಲ್ಲಿ ನಾಯ್ಸ್ ಅಳೆಯಿರಿ

ಮೂಲಗಳಿಲ್ಲದ ನಾಲ್ಕೈದು ಚೌಕ ಆರಿಸಿ, ಪ್ರತಿಯೊಂದರಲ್ಲೂ ಕಾಸಾದ ಇಮ್‌ಸ್ಟ್ಯಾಟ್ ಓಡಿಸಿ ಆರ್‌ಎಂಎಸ್ (ಏರಿಳಿತದ ಸರಾಸರಿ ಗಾತ್ರ) ನೋಡಿ. ಒಂದೊಂದು ಚೌಕದಲ್ಲೂ ನೂರಾರು ಬೀಮ್ ಹಿಡಿಸಬೇಕು. ಖಾಲಿ ಜಾಗ ಸಿಗದಿದ್ದರೆ ಆರ್‌ಎಂಎಸ್ ಬದಲು ಮೀಡಿಯನ್‌ನಿಂದ ಆಗುವ ವಿಚಲನೆಯ ಮೀಡಿಯನ್ ತೆಗೆದು 1.4826ರಿಂದ ಗುಣಿಸಿ. ನಾಲ್ಕು ಹೊಳೆಯುವ ಮೂಲ ಒಳಗೆ ಸೇರಿದರೂ ಇದು ಕದಲುವುದಿಲ್ಲ.

ಪ್ರೈಮರಿ ಬೀಮ್ (ಒಂದು ಡಿಶ್‌ಗೆ ಕಾಣುವ, ಅಂಚಿನ ಕಡೆ ಮಂಕಾಗುವ ಆಕಾಶದ ವೃತ್ತ) ತಿದ್ದುವ ಮೊದಲಿನ ಚಿತ್ರದಲ್ಲೇ ಅಳೆಯಿರಿ. ತಿದ್ದಿದ ಮೇಲೆ ನಾಯ್ಸ್ ಅಂಚಿನ ಕಡೆ ಏರುತ್ತದೆ, ಅರ್ಧ ಪವರ್ ಇರುವ ಜಾಗದಲ್ಲಿ ಎರಡು ಪಟ್ಟು. 610ರಲ್ಲಿ ಆ ವೃತ್ತದ ಅಗಲ ಸುಮಾರು 43 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್, ಅದರ 60ನೇ ಒಂದು ಆರ್ಕ್‌ಸೆಕೆಂಡ್).

ನನಗೆ ಹೆಚ್ಚು ನಂಬಿಕೆ ಇರುವುದು ಸ್ಟೋಕ್ಸ್ ವಿ ಚಿತ್ರದ ಮೇಲೆ. ಎರಡು ವೃತ್ತಾಕಾರದ ಪೋಲರೈಸೇಶನ್‌ಗಳ ವ್ಯತ್ಯಾಸ ಅದು. ಬಹುತೇಕ ಎಲ್ಲ ಮೂಲಗಳಲ್ಲೂ ಇದು ಸೊನ್ನೆಗೆ ಹತ್ತಿರ. ಹಾಗಾಗಿ ಮೂಲಗಳೂ ಅವುಗಳ ಸುತ್ತಲಿನ ಉಂಗುರಗಳೂ ಹೆಚ್ಚುಕಡಿಮೆ ಮಾಯವಾಗಿ ಬರೀ ನಾಯ್ಸ್ ಉಳಿಯುತ್ತದೆ. ಅದರಲ್ಲಿ 18 ಬಂದು, ಮಾಮೂಲಿ ಚಿತ್ರದಲ್ಲಿ 60 ಬಂದರೆ ರಿಸೀವರ್ ತಪ್ಪಿಲ್ಲ, ನಿಮ್ಮ ಕ್ಯಾಲಿಬ್ರೇಶನ್ ಅಥವಾ ಕ್ಲೀನ್ (ಮೂಲಗಳ ಸುತ್ತಲಿನ ಉಂಗುರ ತೆಗೆಯುವ ಹಂತ) ತಪ್ಪಿದೆ. ಅದರಲ್ಲೂ 60 ಬಂದರೆ ಹೆಜ್ಜೆ 5ಕ್ಕೆ ವಾಪಸ್ ಹೋಗಿ. ಬೇರೆ ಬೇರೆ ವೇಟಿಂಗ್‌ನಲ್ಲಿ ಈ ವಿ ಚಿತ್ರ ಮಾಡಿದರೆ 1.3 ಎಂದು ನಾನು ಸುಮ್ನೆ ಇಟ್ಟ ದಂಡ ನಿಮ್ಮ ಡೇಟಾಗೆ ನಿಜವಾಗಿ ಎಷ್ಟು ಎಂದೂ ಗೊತ್ತಾಗುತ್ತದೆ.

ಹೆಜ್ಜೆ 7: ಹೆಚ್ಚುವರಿ ನಾಯ್ಸ್ ಎಲ್ಲಿಂದ ಬಂತು ಎಂದು ಹುಡುಕಿ

ಆಕಾರ ನೋಡಿ. ಚಿತ್ರದ ಉದ್ದಕ್ಕೂ ಸಮಾನಾಂತರ ಗೆರೆ ಇದ್ದರೆ ಒಂದೆರಡು ಬೇಸ್‌ಲೈನ್ ಅಥವಾ ಸ್ವಲ್ಪ ಹೊತ್ತಿನ ಕೆಟ್ಟ ಡೇಟಾ ಉಳಿದುಕೊಂಡಿದೆ. ಅಗಲವಾದ ಅಲೆ ಇದ್ದರೆ ಗಿಡ್ಡ ಬೇಸ್‌ಲೈನ್‌ಗಳ ಹಾವಳಿ.

ಹೊಳೆಯುವ ಮೂಲದ ಸುತ್ತ ಕಡ್ಡಿ, ಉಂಗುರ ಇದ್ದರೆ ಅದು ಡೈನಾಮಿಕ್ ರೇಂಜ್‌ನ (ಅತಿ ಹೊಳೆಯುವ ಮೂಲಕ್ಕೂ ನಾಯ್ಸ್‌ಗೂ ಇರುವ ಅನುಪಾತದ) ಮಿತಿ. ಒಂದು ಜಾನ್ಸ್ಕಿಯ ಮೂಲ ಇದೆ, ಹತ್ತು ಸಾವಿರಕ್ಕೆ ಒಂದರಷ್ಟು ನಿಖರವಾಗಿ ಕ್ಯಾಲಿಬ್ರೇಶನ್ ಆಗಿದೆ ಎಂದುಕೊಳ್ಳಿ. ಕೇಳೋಕೆ ಭಾರಿ ನಿಖರ. ಆದರೂ ಅದರ ಸುತ್ತ 100 ಮೈಕ್ರೋಜಾನ್ಸ್ಕಿ ಕಸ ಉಳಿಯುತ್ತದೆ, ನಿಮ್ಮ 18 ಅಲ್ಲಿ ಕನಸು. ಇನ್ನೂ ಹತ್ತು ಗಂಟೆ ನೋಡಿದರೂ ಪ್ರಯೋಜನ ಇಲ್ಲ. ಸೆಲ್ಫ್ ಕ್ಯಾಲಿಬ್ರೇಶನ್ ಮಾಡಬೇಕು, ಅಂದರೆ ಬಂದ ಚಿತ್ರವನ್ನೇ ಮಾದರಿಯಾಗಿಟ್ಟು ಡೇಟಾವನ್ನು ಮತ್ತೆ ತಿದ್ದಬೇಕು. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಅಯಾನೋಸ್ಫಿಯರ್ (ವಾತಾವರಣದ ಮೇಲಿನ ಅಯಾನುಗಳ ಪದರ) ಒಂದೊಂದು ದಿಕ್ಕಿಗೆ ಒಂದೊಂದು ಥರ ಎಳೆದಾಡುತ್ತದೆ, ಅಲ್ಲಿ ದಿಕ್ಕಿನ ಪ್ರಕಾರ ತಿದ್ದುವ ಸ್ಪ್ಯಾಮ್‌ನಂಥ ತಂತ್ರಾಂಶವೇ ಬೇಕು.

ಮೂಲ ವಿಪರೀತ ಬಲವಾಗಿದ್ದರೆ ಅದೇ ನಾಯ್ಸ್ ಆಗುತ್ತದೆ. ಸಿಗ್ನಸ್ ಎ ಎಂಬ ರೇಡಿಯೋ ಗ್ಯಾಲಕ್ಸಿ 1400 ಮೆಗಾಹರ್ಟ್ಸ್‌ನಲ್ಲಿ ಸುಮಾರು 1500 ಜಾನ್ಸ್ಕಿ. ಆ ಬ್ಯಾಂಡ್‌ನ ಗೇನ್ 0.22 ಇಟ್ಟರೆ ಡಿಶ್ ಮೇಲೆ 330 ಕೆಲ್ವಿನ್ ಹೊರೆ. ರಿಸೀವರ್‌ನದ್ದು ಅದರ ಮುಂದೆ ಏನೂ ಅಲ್ಲ.

ಗೆರೆಯೂ ಇಲ್ಲ, ಉಂಗುರವೂ ಇಲ್ಲ, ಆದರೂ ನಾಯ್ಸ್ ಇಳಿಯುತ್ತಿಲ್ಲವಾ? ಡೇಟಾ ಅರ್ಧ ಹಾಕಿ ಒಮ್ಮೆ, ಪೂರ್ತಿ ಹಾಕಿ ಒಮ್ಮೆ ಚಿತ್ರ ಮಾಡಿ. 1.41 ಪಟ್ಟು ವ್ಯತ್ಯಾಸ ಬರಬೇಕು. ಬರದಿದ್ದರೆ ಕನ್‌ಫ್ಯೂಶನ್ ಅನುಮಾನಿಸಿ. ಬೀಮ್ ದೊಡ್ಡದಿದ್ದಾಗ ಒಂದೊಂದು ಬೀಮ್‌ನೊಳಗೂ ಕಣ್ಣಿಗೆ ಬೀಳದ ಹತ್ತಾರು ಮೂಲ ಸೇರಿ ಉಬ್ಬುತಗ್ಗು ಮಾಡುತ್ತವೆ. 610ರಲ್ಲಿ ಮಧ್ಯದ 14 ಡಿಶ್ ಮಾತ್ರ ಬಳಸಿದರೆ ಬೀಮ್ ಸುಮಾರು 100 ಆರ್ಕ್‌ಸೆಕೆಂಡ್, ಕನ್‌ಫ್ಯೂಶನ್ ನೂರಾರು ಮೈಕ್ರೋಜಾನ್ಸ್ಕಿ. 25 ಕಿ.ಮೀ. ತನಕ ಪೂರ್ತಿ ಬಳಸಿದರೆ ಬೀಮ್ 4 ಆರ್ಕ್‌ಸೆಕೆಂಡ್, ಕನ್‌ಫ್ಯೂಶನ್ ಒಂದು ಮೈಕ್ರೋಜಾನ್ಸ್ಕಿಗಿಂತ ಕಡಿಮೆ. ಇದು ಆಕಾಶದ್ದೇ ನಾಯ್ಸ್, ಸಮಯ ಸುರಿದರೆ ಹೋಗುವಂಥದ್ದಲ್ಲ. ದೂರದ ಡಿಶ್ಶೇ ಬೇಕು.

ಈಗ ಮೊದಲು ಹೇಳಿದ ಮಾತು: ಅಳೆದದ್ದು ಲೆಕ್ಕಕ್ಕಿಂತ ಕಡಿಮೆ ಬಂದರೆ? ಎರಡು ಕಡೆ ನೋಡಿ. ಒಂದು, ಸೆಲ್ಫ್ ಕ್ಯಾಲಿಬ್ರೇಶನ್‌ನಲ್ಲಿ ತೀರಾ ಚಿಕ್ಕ ಚಿಕ್ಕ ಸಮಯಕ್ಕೆ ಪರಿಹಾರ ಹುಡುಕಿದ್ದೀರಾ? ಆಗ ನಾಯ್ಸನ್ನೇ ಮಾದರಿಗೆ ಹೊಂದಿಸಿ ತೆಗೆದುಹಾಕಿರುತ್ತೀರಿ. ಮಾದರಿಯಲ್ಲಿಲ್ಲದ ಮಂಕು ಮೂಲಗಳೂ ಜೊತೆಗೇ ಕರಗಿರುತ್ತವೆ. ಎರಡು, ಫ್ಲಕ್ಸ್ ಸ್ಕೇಲ್, ಅಂದರೆ ಚಿತ್ರದ ಜಾನ್ಸ್ಕಿ ಅಳತೆಗೋಲು. ರಿಸೀವರ್‌ನಲ್ಲಿ ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲ್ ಓಡುತ್ತಿದ್ದರೆ ಅದು ಒಟ್ಟು ಪವರನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. 3ಸಿ 286ರಂಥ ಕ್ಯಾಲಿಬ್ರೇಟರ್ ತಣ್ಣನೆಯ ಆಕಾಶದಲ್ಲಿದೆ, ನಿಮ್ಮ ಟಾರ್ಗೆಟ್ ಗ್ಯಾಲಕ್ಸಿಯ ಪಟ್ಟಿಯಲ್ಲಿದೆ. ಅಲ್ಲಿ ಆಕಾಶದ ನಾಯ್ಸ್ ಏರಿದ್ದಕ್ಕೆ ಯಂತ್ರ ಎಲ್ಲವನ್ನೂ ತಗ್ಗಿಸಿಬಿಟ್ಟಿರುತ್ತದೆ, ಮೂಲವನ್ನೂ ಸೇರಿಸಿ. ಚಿತ್ರದಲ್ಲಿ ನಾಯ್ಸ್ ಚೆನ್ನಾಗಿದೆ ಎನ್ನಿಸುತ್ತದೆ, ಆದರೆ ಎಲ್ಲ ಮೂಲಗಳೂ ಮಂಕಾಗಿರುತ್ತವೆ. ಎರಡು ದಿಕ್ಕಿನ ಆಕಾಶದ ತಾಪಮಾನವನ್ನು 1982ರ ಹ್ಯಾಸ್ಲಮ್ 408 ಮೆಗಾಹರ್ಟ್ಸ್ ನಕ್ಷೆಯಿಂದ ತೆಗೆದು, ಸಿಸ್ಟಂ ಟೆಂಪರೇಚರ್‌ಗಳ ಅನುಪಾತದಿಂದ ಗುಣಿಸಿ ಸರಿಮಾಡಿ.

ಹೆಜ್ಜೆ 8: "ಸಿಕ್ಕಿತು" ಎನ್ನಲು ಎಷ್ಟು ಸಿಗ್ಮಾ?

ಒಂದು ಸಿಗ್ಮಾ ಎಂದರೆ ನೀವು ಅಳೆದ ನಾಯ್ಸ್‌ನಷ್ಟು. ಮೂರು ಸಿಗ್ಮಾ ಸಾಕು ಎನ್ನುವವರಿಗೆ ಈ ಲೆಕ್ಕ ತೋರಿಸಿ. 43 ಆರ್ಕ್‌ಮಿನಿಟ್ ವೃತ್ತದಲ್ಲಿ 5 ಆರ್ಕ್‌ಸೆಕೆಂಡಿನ ಬೀಮ್ ಸುಮಾರು 1.85 ಲಕ್ಷ ಹಿಡಿಸುತ್ತವೆ. ಬರೀ ನಾಯ್ಸ್ ಮೂರು ಸಿಗ್ಮಾ ಮೇಲೆ ಹಾರುವ ಸಾಧ್ಯತೆ 0.00135. ಅಂದರೆ ಮೂಲವೇ ಇಲ್ಲದ ಆಕಾಶದಲ್ಲೂ 250 ಸುಳ್ಳು ಚುಕ್ಕೆ! ನಾಲ್ಕು ಸಿಗ್ಮಾಗೆ ಆರು. ಐದಕ್ಕೆ ಇಪ್ಪತ್ತು ಚಿತ್ರದಲ್ಲಿ ಒಂದು. ಇಡೀ ಚಿತ್ರದಲ್ಲಿ ಹೊಸ ಮೂಲ ಹುಡುಕುತ್ತಿದ್ದರೆ ಐದು ಸಿಗ್ಮಾ ಬೇಕೇ ಬೇಕು. ಇದು ನಾಯ್ಸ್ ಗಾಸಿಯನ್ ಇದ್ದರೆ ಬರುವ ಲೆಕ್ಕ. ಕಡ್ಡಿ, ಉಂಗುರ ಇರುವ ಕಡೆ ಐದೂ ಸಾಲದು. ಋಣ ದಿಕ್ಕಿನಲ್ಲಿ ಐದು ಸಿಗ್ಮಾ ಮೀರಿದ ಚುಕ್ಕೆ ಎಷ್ಟಿವೆ ಎಂದು ಎಣಿಸಿ. ಆಕಾಶದಲ್ಲಿ ಋಣ ಮೂಲ ಇರುವುದಿಲ್ಲ, ಅಲ್ವಾ? ಅಷ್ಟೇ ಸುಳ್ಳು ಧನ ದಿಕ್ಕಿನಲ್ಲೂ ಇರುತ್ತವೆ.

ಬೇರೆ ಟೆಲಿಸ್ಕೋಪ್‌ನಿಂದ ಜಾಗ ಮೊದಲೇ ಗೊತ್ತಿದ್ದರೆ ವಿಷಯ ಬೇರೆ. ನೀವು ನೋಡುತ್ತಿರುವುದು 1.85 ಲಕ್ಷ ಬೀಮ್ ಅಲ್ಲ, ಒಂದು. ಅಲ್ಲಿ ಮೂರು ಸಿಗ್ಮಾಗೂ ಬೆಲೆ ಇದೆ. ಏನೂ ಕಾಣದಿದ್ದರೆ ಇಡೀ ಚಿತ್ರದ ಸರಾಸರಿ ನಾಯ್ಸ್ ಅಲ್ಲ, ಆ ಜಾಗದ ಸುತ್ತಲಿನ ನಾಯ್ಸ್ ಅಳೆದು, ಪ್ರೈಮರಿ ಬೀಮ್‌ಗೆ ತಿದ್ದಿ, ಅದರ ಮೂರು ಪಟ್ಟನ್ನು ಮೇಲಿನ ಮಿತಿ ಎಂದು ಬರೆಯಿರಿ. ಜೊತೆಗೆ ಬೀಮ್‌ನ ಅಳತೆ, ವೇಟಿಂಗ್, ಫ್ಲ್ಯಾಗ್ ಆದ ಮೇಲೆ ಉಳಿದ ಸಮಯ ಮತ್ತು ಬ್ಯಾಂಡ್‌ವಿಡ್ತ್ ಕೂಡ ಕೊಡಿ. ಅವಿದ್ದರೆ ಓದುವವರು ನಿಮ್ಮ 18ನ್ನು ತಾವೇ ಲೆಕ್ಕ ಹಾಕಿ ನೋಡಬಹುದು.